ಓಗೊಡದ ಗುಡ್ಡ

ಕೆಂಗಲ್ಲಾಪುರದಿಂದ ಪಡುವಣಕ್ಕೆ ಹೊರಟರೆ, ಎರೆಹೊಲಗಳು ಮುಗಿಯುವಲ್ಲಿ ಒಂದು ಬೋಳು ಗುಡ್ಡ ಎದುರಾಗುತ್ತದೆ. ಕೆಂಪು ನೆಲದ ನಡುವೆ ಬೆಣಚುಕಲ್ಲಿನ ಬಿಳಿ ಪಟ್ಟೆಯೊಂದು ಬುಡದಿಂದ ನೆತ್ತಿಯವರೆಗೆ ಹರಿದಿದೆ. ಕುರಿ ಮೇಯಿಸುವವರು ಇಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುವುದಿಲ್ಲ. ಬೇಕಾದರೆ ನಡೆದು ಹತ್ತಿರ ಹೋಗುತ್ತಾರೆ. ಓಗೊಡದ ಗುಡ್ಡವೆಂಬ ಹೆಸರು ಹುಲಿಗೆವ್ವ ಎಂಬ ಹೆಂಗಸಿನಿಂದ ಬಂದುದು ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆ ಜಡಿಯಪ್ಪನಾಯಕನೆಂಬ ಪಾಳೆಗಾರನ ಕೈಯಲ್ಲಿತ್ತು. ಹುಲಿಗೆವ್ವ ತನ್ನ ತಮ್ಮ ದುರುಗನೊಡನೆ ಹರಳು ಆಯ್ದು ಬದುಕುತ್ತಿದ್ದಳು. ಹರಳು ಎಲ್ಲಿ ಸಿಗುತ್ತದೆಂದು ನೆಲ ನೋಡಿಯೇ ಹೇಳುವಳು. ಮಳೆ ನಿಂತ ಮೇಲೆ ಹಳ್ಳದ ತಿರುವಿನಲ್ಲಿ ಕುಳಿತು, ನೀರು ತಂದಿಟ್ಟ ನೊರಜುಗಲ್ಲನ್ನು ಬೊಗಸೆಯಲ್ಲಿ ತಿರುವಿ ನೋಡುವಳು. ಅಂಚು ಸವೆಯದ ಚೂರು ಸಿಕ್ಕರೆ ಅದರ ತವರು ದೂರವಿಲ್ಲವೆಂದು ಹಳ್ಳದ ಮೇಲಕ್ಕೆ ನಡೆಯುವಳು. ಬೆಣಚಿನ ಪಟ್ಟೆ ಉಬ್ಬಿದ ಕಡೆ ಕಲ್ಲಿನಿಂದ ಬಡಿದು, ಪೊಳ್ಳು ಸದ್ದು ಕೇಳಿದರೆ ಅಲ್ಲಿ ಅಗೆಯುವಳು.

ನಾಯಕನಿಗೆ ಲಿಂಗ ಕಡೆಸಲು ಆಳೆತ್ತರದ ಸ್ಫಟಿಕ ಬೇಕಾಯಿತು. ಅವಳು ಗುಡ್ಡದ ಮೂಡಣ ಮೈಯಲ್ಲಿ ಜಾಗ ತೋರಿಸಿದಳು. ಆದರೆ ಅದು ಮಳೆಗಾಲ. "ಒಳಗ ಹರಳು ಐತಿ ದೊರಿ. ಮ್ಯಾಲಿನ ಬಂಡಿಗಲ್ಲಿನ ಬುಡದ ಮಣ್ಣು ಹಸಿ ಹಿಡದೈತಿ. ನೆಲ ಒಣಗೂತನ ತಡೀರಿ," ಎಂದಳು. ನಾಯಕ ತಡೆಯಲಿಲ್ಲ. ಅಲ್ಲಿ ಬಿಲ ತೋಡಿಸಿ, ಅದರೊಳಕ್ಕೆ ದುರುಗನನ್ನೇ ಇಳಿಸಿದ. "ಯಕ್ಕಾ, ಕಂಬದಂಗ ನಿಂತೈತಿ," ಎಂದು ಅವನು ಒಳಗಿನಿಂದ ಹೇಳುತ್ತಿದ್ದಂತೆಯೇ ಬಂಡೆ ಜಾರಿ ಬಿಲದ ಬಾಯಿ ಮುಚ್ಚಿತು.

ದುರುಗ ಬದುಕಿದ್ದ, ಅವನ ಕೂಗು ಬಂಡೆಯ ಸಂದಿನಿಂದ ಕೇಳಿಬರುತ್ತಿತ್ತು. ಬಂಡೆ ಒಡೆದರೆ ಅದಕ್ಕೆ ಆತುಕೊಂಡ ಸ್ಫಟಿಕವೂ ಸಿಡಿಯುತ್ತದೆಂದು ನಾಯಕ ಯಾರನ್ನೂ ಹತ್ತಿರ ಬಿಡಲಿಲ್ಲ. ಗುಡ್ಡದ ಹಿಂಬದಿಯಿಂದ ಕೊರೆಯಲು ಹೇಳಿದ. ತಮ್ಮನ ಕೂಗಿಗೆ ಹುಲಿಗೆವ್ವ ಓಗೊಟ್ಟಾಗಲೆಲ್ಲ ಆಳುಗಳು ಹಾರೆ ಬಿಸುಟು ಬಂಡೆಯ ಕಡೆಗೆ ಓಡಿಬರುತ್ತಿದ್ದರು. ಅದನ್ನು ಕಂಡ ನಾಯಕ ಅವಳಿಗೆ, "ಇನ್ನೊಮ್ಮಿ ಓ ಅಂದೀ ಅಂದ್ರ ಕೊರೆಯೋದನ್ನ ನಿಲ್ಲಿಸ್ತೀನಿ. ಸುಮ್ಮನ ಕುಂತ್ರ ನಿನ್ನ ತಮ್ಮ ಹೊರಗ ಬಂದಾನು," ಎಂದ.

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಬಂಡೆಯ ಬಳಿ ಕುಳಿತಳು. "ಯಕ್ಕಾ, ಅಲ್ಲೇ ಅದಿಯೇನ?" ಎಂದು ದುರುಗ ಕೇಳುತ್ತಲೇ ಇದ್ದ. ನೀರು ಕೇಳಿದ. ಬೈದ. ಕಡೆಗೆ, "ಅಕ್ಕ ಮನೀಗೆ ಹೋದ್ಳು," ಎಂದು ತನಗೆ ತಾನೇ ಹೇಳಿಕೊಂಡದ್ದು ಅವಳಿಗೆ ಕೇಳಿಸಿತು. ಅದೇ ಅವನ ಕೊನೆಯ ಮಾತು.

ಆಳುಗಳು ಒಳಹೊಕ್ಕಾಗ ಅವನ ಮೈ ತಣ್ಣಗಾಗಿತ್ತು. ಸ್ಫಟಿಕವನ್ನು ಹೊರತಂದು ಬಿಸಿಲಿಗೆ ನಿಲ್ಲಿಸಿದರೆ ಒಳಗೆ ಅಡ್ಡಲಾಗಿ ಬಿರುಕು. ಲಿಂಗಕ್ಕೆ ಸಲ್ಲದೆಂದು ನಾಯಕ ಅದನ್ನು ಇಳಿಜಾರಿಗೆ ಉರುಳಿಸಿ, ಬೇರೆ ಜಾಗ ತೋರಿಸೆಂದು ಹುಲಿಗೆವ್ವನನ್ನು ಕೇಳಿದ. ಅವಳು ಅವನ ಮುಖವನ್ನೇ ನೋಡಿದಳು. ಛಡಿಯಿಂದ ಹೊಡೆಸಿದರೂ ಬಾಯಿ ಬಿಡಲಿಲ್ಲ. ಸಾಯುವವರೆಗೂ ಯಾರು ಕರೆದರೂ ಅವಳು ಓಗೊಡಲಿಲ್ಲ ಎನ್ನುತ್ತಾರೆ.

ನೋಡಲು ಬಂದವರಿಗೆ ಗುಡ್ಡದ ಹಿಂಬದಿಯಲ್ಲಿ ಒಂದು ಸುರಂಗ ಕಾಣುತ್ತದೆ. ಅದರ ಗೋಡೆಯ ತುಂಬ ಉಳಿಯ ಗುರುತುಗಳು. ಅಲ್ಲಿಂದ ಸುತ್ತಿ ಮೂಡಣಕ್ಕೆ ಬಂದರೆ, ಬಿಲದ ಬಾಯಿಗೆ ಕುಳಿತ ಬಂಡೆ ಈಗಲೂ ಹಾಗೆಯೇ ಇದೆ. ಎಷ್ಟು ಹುಡುಕಿದರೂ ಅದರ ಮೈಮೇಲೆ ಒಂದು ಏಟಿನ ಗುರುತೂ ಸಿಗುವುದಿಲ್ಲ.