ಮೂರನೆಯ ಸೀಟಿ

"ಅಕ್ಕನವರೇ, ಹೇಳಬೇಕಾದದ್ದನ್ನು ಮೊದಲ ದಿನವೇ ಹೇಳಬೇಕೇ? ಇಲ್ಲವೇ ಮೊದಲು ನಗಿಸಿ, ಜನ ಕೂಡಿದ ಮೇಲೆ ಹೇಳಿದರೆ ನಡೆಯುತ್ತದೆಯೇ?"

ಕೇಳಿದವನು ಮಠದ ಕಿರಿಯ ಶಿಷ್ಯ. ಮರುದಿನದಿಂದ ಪಕ್ಕದ ಊರಿನಲ್ಲಿ ಅವನ ಮೊದಲ ಪ್ರವಚನ. ಹನ್ನೊಂದು ದಿನ ನಡೆಯಬೇಕಾದದ್ದು. ಮೊದಲ ದಿನಕ್ಕೆಂದು ಒಂದು ನೋಟುಬುಕ್ಕಿನ ತುಂಬ ನಗೆಮಾತು ಬರೆದುಕೊಂಡಿದ್ದ. ಅದು ಅವನ ಕಂಕುಳಲ್ಲೇ ಇತ್ತು.

ಅಕ್ಕನವರು ಮಠದ ಹಿರಿಯರು. ಇಲ್ಲಿಗೆ ಬರುವ ಮೊದಲು ಹತ್ತಾರು ಊರು ಸುತ್ತಿದವರು. ಅವರ ಕತೆಗಳಲ್ಲಿ ರಾಜರೂ ಋಷಿಗಳೂ ಕಡಿಮೆ. "ಕೂತುಕೋ," ಎಂದರು. ಅವನು ಕೂತ ಮೇಲೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಾಡುವವಳು, ಒಬ್ಬ ಬಾರಿಸುವವನು ಇದ್ದರು. ಕಾಲೇಜಿನಿಂದ ಜೊತೆಗಾರರು. ಅವಳು ಹಾಡು ಕಟ್ಟುವಳು, ಅವನು ಗಿಟಾರ್ ಬಾರಿಸುವನು. ಬೆನ್ನಿಗೆ ಕಂಪನಿಯಿಲ್ಲ, ಸಿನಿಮಾದವರಿಲ್ಲ. ಬಾಡಿಗೆ ಕೋಣೆಯ ಕಿಟಕಿಗೆ ಕೌದಿ ಕಟ್ಟಿ, ಎದುರುಮನೆಯ ಮಿಕ್ಸರ್ ನಿಲ್ಲುವವರೆಗೆ ಕಾದು, ಹಾಡನ್ನು ತಾವೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಎರಡು ವರ್ಷದಲ್ಲಿ ಎಂಟು ಹಾಡುಗಳಾದವು.

ಎಂಟರಲ್ಲಿ ಒಂದು ಅವಳ ತಾಯಿಯ ಹಾಡು. ತಾಯಿ ತೀರಿ ನಾಲ್ಕು ವರ್ಷವಾಗಿತ್ತು. ಹಾಡಿನ ನಡುವೆ ಅವಳು 'ಅವ್ವಾ' ಎಂದು ಕರೆದು ನಿಲ್ಲುವಳು. ಹೊರಗಿನಿಂದ ಬಂದ ಮಗಳು ಬಾಗಿಲಲ್ಲಿ ಕರೆದರೆ ಒಳಗಿನಿಂದ 'ಓ' ಎನ್ನಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಗಿಟಾರೂ ನಿಲ್ಲುವುದು. ಆಮೇಲೆ ಹಾಡು ಮುಂದುವರಿಯುವುದು. ಆ ಹಾಡಿನಲ್ಲಿ ಇದ್ದದ್ದೆಲ್ಲ ಆ ನಿಲ್ಲುವಿಕೆಯಲ್ಲೇ ಇತ್ತು.

ಅವಳ ತಂದೆ ಬಸ್ ಕಂಡಕ್ಟರ್ ಆಗಿದ್ದವನು. ಇಪ್ಪತ್ತೇಳು ವರ್ಷ ಒಂದು ಸೀಟಿಗೆ ಬಸ್ಸು ನಿಲ್ಲಿಸಿ, ಎರಡು ಸೀಟಿಗೆ ಹೊರಡಿಸಿ ನಿವೃತ್ತನಾಗಿದ್ದ. ಹೆಂಡತಿ ತೀರಿದ ದಿನದಿಂದ ಅವಳ ಹೆಸರೆತ್ತಿರಲಿಲ್ಲ. ಬೇರೆ ಯಾರಾದರೂ ಎತ್ತಿದರೆ ಎದ್ದು ಚಪ್ಪಲಿ ಹುಡುಕುವನು. ಈ ಹಾಡನ್ನು ಅಪ್ಪ ಎದುರಿಗೆ ಕೂತು ಕೇಳಬೇಕು ಎನ್ನುವುದೊಂದೇ ಮಗಳ ಆಸೆ. ತುಂಬಿದ ಸಭೆಯ ಮುಂದಿನ ಸಾಲಿನಿಂದ ಎದ್ದುಹೋಗುವುದು ಯಾರಿಗೂ ಸುಲಭವಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಲ್ಲಿಯವರೆಗೆ ಆ ಹಾಡು ಯಾರ ಫೋನಿಗೂ ಹೋಗಕೂಡದು.

ಈ ಕಾಲದಲ್ಲಿ ಹಾಡುಗಳನ್ನೆಲ್ಲ ಒಟ್ಟಿಗೆ ಬಿಡುವುದಿಲ್ಲ. ಒಂದನ್ನು ಮುಂದೆ ಕಳಿಸುತ್ತಾರೆ. ಜನ ಅದನ್ನು ಹೇಗೆ ಬರಮಾಡಿಕೊಂಡರೆಂದು ನೋಡಿ ಉಳಿದವನ್ನು ಕಳಿಸುತ್ತಾರೆ. ಯಾವುದನ್ನು ಮುಂದೆ ಕಳಿಸುವುದೆಂದು ಇಬ್ಬರಲ್ಲಿ ಮಾತಾಯಿತು.

"ಮೊದಲ ಒಂದು ಕಾರ್ಯಕ್ರಮ ಮಾಡೂಣು," ಎಂದಳು ಅವಳು. "ಅಪ್ಪನ್ನ ಕರೀತೀನಿ. ಅವ್ವನ ಹಾಡಿನಿಂದನ ಸುರು ಆಗ್ಲಿ."

"ಯಾರು ಬರ್ತಾರ ಮಾರಾಯ್ತಿ? ನಾನು, ನೀನು, ನಿಮ್ಮಪ್ಪ, ಮತ್ತ ಆ ಮೈಕಿನಾಂವ," ಎಂದನು ಅವನು. "ಮೊದಲ ಕುಕ್ಕರ್ ಹಾಡು ಬಿಡೂಣು. ಮಂದಿ ನಗ್ಲಿ, ನಮ್ಮ ಗುರುತು ಹಿಡೀಲಿ. ಸಭಾ ತುಂಬಿದ ಮ್ಯಾಲೆ ನಿಮ್ಮವ್ವನ ಹಾಡು ಹಾಡು. ಯಾರು ಬ್ಯಾಡಂತಾರ?"

ಕುಕ್ಕರ್ ಹಾಡೆಂದರೆ ಒಂದು ಮಧ್ಯಾಹ್ನ ಅನ್ನಕ್ಕಿಟ್ಟು ಕಾಯುತ್ತಾ ಕಟ್ಟಿದ ತಮಾಷೆ. ಮೂರು ಸೀಟಿಯಾಗುವವರೆಗೆ ಹಸಿದವರ ತಲೆಯಲ್ಲಿ ಏನೇನು ಓಡುತ್ತದೆ ಎನ್ನುವುದೇ ಹಾಡು. ನಡುವೆ ದನಿ, ಗಿಟಾರ್ ಎರಡೂ ನಿಲ್ಲುತ್ತವೆ. ಕುಕ್ಕರ್ ಮೂರು ಸಲ ಸೀಟಿ ಹೊಡೆಯುತ್ತದೆ. 'ಇಳಿಸೂ ಇಳಿಸೂ' ಎಂದು ಹಾಡು ಮತ್ತೆ ಏಳುತ್ತದೆ.

ಬಾರಿಸುವವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವಳು ಒಪ್ಪಿದಳು.

ಹಾಡು ಹೊರಗೆ ಹೋಯಿತು. ಮೊದಲ ವಾರ ಗೆಳೆಯರು ಕೇಳಿದರು. ಎರಡನೆಯ ವಾರ ಗೆಳೆಯರಲ್ಲದವರು ಕೇಳಿದರು. ಆಮೇಲೆ ಆಟೋದಲ್ಲಿ ಅದೇ, ಮದುವೆಯ ಮೆರವಣಿಗೆಯಲ್ಲಿ ಅದೇ, ಶಾಲೆಯ ಗ್ಯಾದರಿಂಗಿನಲ್ಲಿ ಅದೇ. ಒಬ್ಬ ವಿಮರ್ಶಕ ಕುಕ್ಕರ್ ಎಂದರೆ ಹೆಣ್ಣಿನ ಒಳಗಿನ ಒತ್ತಡ ಎಂದು ಬರೆದ. ಇನ್ನೊಬ್ಬ ಅಲ್ಲ, ಅದು ಮಧ್ಯಮವರ್ಗದ ಹಸಿವು ಎಂದ. ಹಾಡಿದವರು ಇಬ್ಬರಿಗೂ ಧನ್ಯವಾದ ಹೇಳಿದರು. ಅವರ ಮಟ್ಟಿಗೆ ಅದು ಕುಕ್ಕರೇ ಆಗಿತ್ತು.

ಕಾರ್ಯಕ್ರಮಗಳಿಗೆ ಕರೆ ಬಂದವು. ವೇದಿಕೆಯ ಮೇಲೆ ಒಲೆ ಹಚ್ಚುವ ಹಾಗಿಲ್ಲ. ಅದಕ್ಕೆ ಮೊದಲ ಕಾರ್ಯಕ್ರಮದಲ್ಲಿ ಬಾರಿಸುವವನು ಜನರಿಗೆ ಹೇಳಿಕೊಟ್ಟ: "ನಾವು ನಿಂತ ಕೂಡಲೆ ನೀವು ಮೂರು ಸೀಟಿ ಹೊಡೀರಿ." ಜನ ಹೊಡೆದರು. ಎರಡನೆಯ ಕಡೆ ಹೇಳಿಕೊಡುವ ಅಗತ್ಯ ಬೀಳಲಿಲ್ಲ.

ತಾಯಿಯ ಹಾಡೊಂದನ್ನು ಇಟ್ಟುಕೊಂಡು ಉಳಿದ ಹಾಡುಗಳನ್ನು ಒಂದೊಂದಾಗಿ ಬಿಟ್ಟರು. ಕೇಳಿದವರು ಕೆಳಗೆ ಬರೆದರು, 'ಚೆನ್ನಾಗಿದೆ, ಸೀಟಿ ಎಲ್ಲಿ?' ಒಂದು ಊರಿನಲ್ಲಿ ಬೇರೆ ಯಾವುದೋ ಹಾಡಿನ ನಡುವೆ ಅವಳು ನೀರು ಕುಡಿಯಲು ನಿಂತಳು. ಹಿಂದಿನಿಂದ ಯಾರೋ ಸೀಟಿ ಹೊಡೆದರು. ಸಭೆ ನಕ್ಕಿತು. ಅವಳೂ ನಕ್ಕಳು.

ಹದಿನಾಲ್ಕು ತಿಂಗಳಾದ ಮೇಲೆ ತಂದೆ ಇರುವ ಊರಿನಿಂದಲೇ ಕರೆ ಬಂತು. ಸಂಜೆ ಐದಕ್ಕೆ ಪುರಭವನದಲ್ಲಿ ಕುರ್ಚಿ ಸಾಲದೆ ಜನ ಗೋಡೆಗುಂಟ ನಿಂತರು. ತಂದೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಒಂದು ಕೈ ಜೇಬಿನಲ್ಲಿತ್ತು.

ಅವಳು ಪೀಠಿಕೆ ಏನೂ ಹೇಳದೆ ತಾಯಿಯ ಹಾಡು ಎತ್ತಿಕೊಂಡಳು. ಸಭೆ ಮೆತ್ತಗಾಯಿತು. ಕೆಮ್ಮಿದವನೊಬ್ಬನನ್ನು ಪಕ್ಕದವರು ಸುಮ್ಮನಿರಿಸಿದರು. ತಂದೆ ಕಣ್ಣು ಕೀಳದೆ ಮಗಳ ಬಾಯನ್ನೇ ನೋಡುತ್ತಿದ್ದ. ಅವಳಿಗೆ ಧೈರ್ಯ ಬಂತು. 'ಅವ್ವಾ' ಎಂದು ಕರೆದು ನಿಂತಳು. ಗಿಟಾರೂ ನಿಂತಿತು.

ಮುಂದಿನ ಸಾಲಿನಿಂದ ಒಂದು ಸೀಟಿ ಬಂತು.

ತಂದೆ ಹಳೆಯ ಕಂಡಕ್ಟರ್ ಸೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಮಗಳ ಕುಕ್ಕರ್ ಹಾಡನ್ನು ಫೋನಿನಲ್ಲಿ ನೂರು ಸಲ ಕೇಳಿದ್ದ. ಈಗ ಹಾಡು ಯಾವುದೆಂದು ಗಮನಿಸದೆ, ಅವಳು ಎಲ್ಲಿ ನಿಲ್ಲುತ್ತಾಳೆ, ತನ್ನ ಸರದಿ ಎಲ್ಲಿ ಬರುತ್ತದೆ ಎಂದು ಅಷ್ಟು ಹೊತ್ತೂ ಕಾಯುತ್ತಿದ್ದ. ಎರಡು ಸೀಟಿ ಅವನಿಗೆ ರೂಢಿ. ಮೂರನೆಯದನ್ನು ಒಂದು ತಿಂಗಳಿಂದ ಮನೆಯಲ್ಲಿ ಕಲಿತುಕೊಂಡಿದ್ದ.

ಎರಡನೆಯ ಸೀಟಿಗೆ ಇಡೀ ಸಭೆ ದನಿಗೂಡಿಸಿತು. ಮೂರನೆಯದು ಮುಗಿದ ಕೂಡಲೇ ಬಾರಿಸುವವನ ಬೆರಳುಗಳು ತಾವಾಗಿ 'ಇಳಿಸೂ' ಕಡೆಗೆ ಓಡಿದವು. ಅವನು ಬೇಕೆಂದು ಮಾಡಲಿಲ್ಲ. ಅವಳ ಬಾಯಿಯೂ ಹಿಂದೆಯೇ ಹೋಯಿತು. ಸಭೆ ಎದ್ದು ಕುಣಿಯಿತು.

ಮುಗಿದ ಮೇಲೆ ತಂದೆ ವೇದಿಕೆಯ ಹಿಂದೆ ಬಂದ. ಬಾರಿಸುವವನು ಗಿಟಾರಿನ ತಂತಿ ಸಡಿಲಿಸುತ್ತಾ ಕೂತಿದ್ದ. ತಲೆ ಎತ್ತಲಿಲ್ಲ.

"ಬರೋಬರಿ ಹೊಡದ್ನೇನವಾ?" ಎಂದು ತಂದೆ ಮಗಳನ್ನು ಕೇಳಿದ.

"ಬರೋಬರಿ ಹೊಡದಿ ಅಪ್ಪಾ."

"ಮೂರನೇದು ಸ್ವಲ್ಪ ಗಡಿಬಿಡಿ ಆತು."

"ಇಲ್ಲಪ್ಪಾ. ಸರಿ ಇತ್ತು."

ಅವನು ಸೀಟಿಯನ್ನು ಅಂಗಿಯ ಚುಂಗಿಗೆ ಒರೆಸಿ ಜೇಬಿಗೆ ಹಾಕಿಕೊಂಡು ಮನೆಗೆ ಹೋದ. ಬಹಳ ಸಂತೋಷದಿಂದ ಹೋದ. ತಾಯಿಯ ಹಾಡನ್ನು ಅವಳು ಮತ್ತೆ ಎಲ್ಲಿಯೂ ಎತ್ತಲಿಲ್ಲ.

ಅಕ್ಕನವರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಆ ಜನರ ಮೇಲೆ ಸಿಟ್ಟು ಬಂದಿತ್ತು.

"ಎಂಥ ಜನ ಅಕ್ಕನವರೇ," ಎಂದ. "ಬೇರೆಯವರು ಹಾಳಾಗಲಿ, ಹೆತ್ತ ತಂದೆಗೂ ತಿಳಿಯಬೇಡವೇ? ತಾಯನ್ನು ಕರೆಯುವ ಕಡೆ ಸೀಟಿ ಹೊಡೆಯುವವರಿಗೆ ಯಾರಾದರೂ ಏನು ಕಲಿಸಲಾದೀತು?"

ಅಕ್ಕನವರು ಅವನ ಕಂಕುಳಲ್ಲಿದ್ದ ನೋಟುಬುಕ್ಕನ್ನು ನೋಡಿದರು. ಆಮೇಲೆ ಒಂದೇ ಮಾತು ಹೇಳಿದರು.

"ಕಲಿಸಿದ ಮೊದಲ ಪಾಠವನ್ನು ಅಷ್ಟು ಚೆನ್ನಾಗಿ ಒಪ್ಪಿಸಿದವರು ನಮ್ಮ ಮಠದಲ್ಲಿ ಇವತ್ತಿನವರೆಗೆ ಒಬ್ಬರೂ ಇಲ್ಲ."