ಬಿಳುಪೇರಿದ ಬಟ್ಟಲು

"ಕೇಳಿರಪ್ಪೋ ಕೇಳಿ. ದೊರೆ ಮಾರಭೂಪರ ಮೂರು ಒಗಟು ಒಡೆದವರಿಗೆ ಬೇಡಿದ್ದು ಕೊಡಲಾಗುವುದು. ತಪ್ಪಿದವರ ತಲೆ, ಯಾರದ್ದೇ ಆಗಲಿ, ಉಳಿಯದು. ಇದು ಕುಲದೇವರ ಆಣೆ."

ಡಂಗುರ ಕೇಳಿದ್ದೇ ಸಿಂಗ, ಒಣಹಾಕಿದ್ದ ಸೋಂಪನ್ನು ಹಾಗೇ ಬಿಟ್ಟು ಅರಮನೆಗೆ ನಡೆದ. ಸಂಪತ್ತಿನ ಆಸೆಗಲ್ಲ. ಅವನಪ್ಪ ಚೆನ್ನಿಗ ಸೋಂಪಿನ ಸಾರಾಯಿ ಭಟ್ಟಿ ಇಳಿಸುತ್ತಿದ್ದವನು. ಒಮ್ಮೆ ಅದನ್ನು ದೊರೆಯ ಬಟ್ಟಲಿಗೆ ಸುರಿದು ನೀರು ಬೆರೆಸಿದಾಗ, ತಿಳಿಯಾಗಿದ್ದದ್ದು ಬೆಳ್ಳಗಾಯಿತು. ವಿಷ ಎಂದ ದೊರೆ ಅಲ್ಲೇ ಚೆನ್ನಿಗನ ತಲೆ ತೆಗೆಸಿದ. ಅಂದಿನಿಂದ ಊರಿಗೆಲ್ಲ ಸಿಂಗ ವಿಷದವನ ಮಗ. ಸೇಡಿಗಾಗಿ ಅವನು ಹಲ್ಲು ಕಚ್ಚಿ ಕಾದಿದ್ದ. ಹೇಗೆ ತೀರಿಸುವುದೆಂದು ಮಾತ್ರ ಅವನಿಗೂ ಗೊತ್ತಿರಲಿಲ್ಲ.

ತುಂಬಿದ ಸಭೆಯಲ್ಲಿ ದೊರೆ ಕೇಳಿದ: "ಸಕ್ಕರೆಯಲ್ಲ, ಜೇನಲ್ಲ, ಆದರೂ ನಾಲಗೆಗೆ ಸಿಹಿ; ಅದು ಯಾವುದು? ಹೊಲದ ಗಿಡಕ್ಕೂ ಕಡಲಾಚೆಯ ಮರಕ್ಕೂ ನಂಟಿಲ್ಲ, ಆದರೂ ಪರಿಮಳ ಒಂದೇ, ಅದು ಯಾಕೆ? ತಿಳಿಗೆ ತಿಳಿ ಬೆರೆತು ಹಾಲಾಗುತ್ತದೆ, ಹಸುವೂ ಇಲ್ಲ ಎಮ್ಮೆಯೂ ಇಲ್ಲ; ಅದು ಹೇಗೆ?"

ಪಾಳೆಯಗಾರನ ಮಗ ಮೀಸೆ ತಿರುವಿ, "ಮೊದಲನೆಯದು ಹೆಂಡತಿಯ ಮಾತು" ಎಂದ. ಮದುವೆಯಾಗದವನು, ಪಾಪ. ತಲೆ ಹೋಯಿತು.

ಕುದುರೆ ವ್ಯಾಪಾರಿಯೊಬ್ಬ ಮೂರನೆಯದನ್ನೇ ಮೊದಲು ಹಿಡಿದ. "ಅದು ವಿಷ, ಮಹಾಸ್ವಾಮಿ. ಆ ದ್ರೋಹಿ ಚೆನ್ನಿಗನ ಬಟ್ಟಲಲ್ಲಿ ಕಂಡದ್ದು ಅದೇ ಅಲ್ಲವೇ?"

ದೊರೆ ನಕ್ಕ. "ವಿಷವಲ್ಲವೋ ಪೆದ್ದ. ಆಮೇಲೆ ಒಬ್ಬ ಅತ್ತರಿನವನು ನನಗೆ ಅದರ ಗುಟ್ಟು ತೋರಿಸಿಕೊಟ್ಟ." ವ್ಯಾಪಾರಿಯ ತಲೆಯೂ ಹೋಯಿತು.

ಸಿಂಗನ ಮೈಯೆಲ್ಲ ಉರಿದುಹೋಯಿತು. ನಿಜ ಗೊತ್ತಾದ ಮೇಲೂ ಈ ಮನುಷ್ಯ ಅಪ್ಪನ ಹೆಸರಿಗೆ ಬಳಿದ ಮಸಿ ಒರೆಸಿರಲಿಲ್ಲ. ಅದನ್ನೇ ಒಗಟು ಕಟ್ಟಿ ಆಡುತ್ತಿದ್ದ. ಸಿಂಗ ಮುಂದೆ ಬಂದು ಕೈಮುಗಿದ.

"ಮೂರಕ್ಕೂ ಒಂದೇ ಉತ್ತರ, ಬುದ್ಧಿ. ಸೋಂಪಿನ ಒಳಗಿರೋ ಸತ್ವ. ಆ ಸಿಹಿ ಅದರದ್ದು, ಸಕ್ಕರೇದಲ್ಲ. ಕಡಲಾಚೆಯ ಮರದಲ್ಲಿ ಬಿಡೋ ಚಕ್ರಮೊಗ್ಗಲ್ಲೂ ಅದೇ ಸತ್ವ ಇರೋದಕ್ಕೆ ಪರಿಮಳ ಒಂದೇ. ಸಾರಾಯಿಯಲ್ಲಿ ಅದು ಕರಗಿ ಅಡಗಿರುತ್ತೆ. ನೀರು ಬಿದ್ದರೆ ಅಡಗೋಕಾಗದೆ ಸಣ್ಣ ಸಣ್ಣ ಹನಿಯಾಗಿ ಹೊರಗೆ ಬರುತ್ತೆ, ನೋಡೋರಿಗೆ ಹಾಲಿನಂಗೆ ಕಾಣುತ್ತೆ. ವಿಷ ಅಲ್ಲ."

"ಸರಿ ಹೇಳಿದೆ," ಎಂದ ದೊರೆ. "ಏನು ಬೇಕೋ ಬೇಡಿಕೋ."

"ನಾನು ಚೆನ್ನಿಗನ ಮಗ, ಬುದ್ಧಿ. ಅಪ್ಪನ ಬಟ್ಟಲು ನೋಡಿ ವಿಷ ಅಂದೋರು ನೀವು. ಕುದುರೆ ವ್ಯಾಪಾರಿ ಹೇಳಿದ್ದೂ ಅದೇ ಉತ್ತರ. ಅವನಿಗೆ ಕೊಟ್ಟಿದ್ದನ್ನೇ ನೀವೂ ತಗೊಳ್ಳಿ. ನಂಗಷ್ಟೇ ಸಾಕು."

ದೊರೆ ಮಂತ್ರಿಯ ಮುಖ ನೋಡಿದ. ಮಂತ್ರಿ ನೆಲ ನೋಡಿದ. ಕುಲದೇವರ ಆಣೆ ಮೀರುವ ಧೈರ್ಯ ಸಭೆಯಲ್ಲಿ ಯಾರಿಗೂ ಇರಲಿಲ್ಲ. ಕತ್ತಿಯವನು ಸಿಂಹಾಸನದ ಮೆಟ್ಟಿಲು ಹತ್ತಿದ.

ದೊರೆಯ ತಲೆ ಉರುಳಿದ ಮೇಲೆ, ಚೆನ್ನಿಗ ನಿರಪರಾಧಿ ಎಂದು ಮಂತ್ರಿಯೇ ಎದ್ದು ನಿಂತು ಹೇಳಿದ. ಸಿಂಗನಿಗೆ ಹೊಲ ಉಂಬಳಿ ಬಿಟ್ಟ. ಸೇಡು ತೀರಿದ ಮೇಲೆ ಸಿಂಗ ಮರುಗಿದನೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂದು ಅವನು ಹೊಟ್ಟೆ ತುಂಬ ಉಂಡು, ಕಾಲು ಚಾಚಿ ಮಲಗಿದ.