ನೂರ ಹದಿಮೂರನೆಯದು

ಹೊಳೆಯಂಚಿನ ಆಶ್ರಮವೊಂದರಲ್ಲಿ ವಿರೂಪಯ್ಯ ಎಂಬ ಗುರುಗಳಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಶಾಲೆಗಳಿಗೆಂದು ಅವರೂ ಶಿಷ್ಯರೂ ಸೇರಿ ಒಂದು ಲಿನಕ್ಸ್ ವ್ಯವಸ್ಥೆ ಕಟ್ಟಿದ್ದರು. ಒಂಬತ್ತು ಸಾವಿರ ಕಂಪ್ಯೂಟರುಗಳು ಅದರ ಮೇಲೆ ನಡೆಯುತ್ತಿದ್ದವು. ಅದರೊಳಗೆ ಪ್ಯಾಕೇಜುಗಳೆಂಬ ತಂತ್ರಾಂಶದ ಸಣ್ಣ ಸಣ್ಣ ಕಟ್ಟುಗಳು, ಒಂದನ್ನೊಂದು ನಂಬಿಕೊಂಡು ಕೆಲಸ ಮಾಡುತ್ತಿದ್ದವು.

ಒಂದು ಬೆಳಿಗ್ಗೆ ಶಿಷ್ಯೆ ಮೇದಿನಿ ಓಡೋಡಿ ಬಂದಳು.

"ಗುರುಗಳೇ, ಆಯಿತು! ನೂರ ಹನ್ನೆರಡು ಪ್ಯಾಕೇಜುಗಳು ಆ ಒಂದು ಹಳೆಯ ಪ್ಯಾಕೇಜನ್ನೇ ನಂಬಿಕೊಂಡಿದ್ದವಲ್ಲ, ಎಲ್ಲವನ್ನೂ ಹೊಸದಕ್ಕೆ ಒಗ್ಗಿಸಿದೆ. ನನ್ನ ಕಂಪ್ಯೂಟರಿನಲ್ಲಿ ಒಂದೂ ಕೆಡಲಿಲ್ಲ! ಇವತ್ತೇ ಎಲ್ಲರಿಗೂ ಕಳಿಸಿಬಿಡಲೇ?"

"ನೂರ ಹನ್ನೆರಡೇ ಅಂತ ಯಾರು ಹೇಳಿದರು?"

"ಪಟ್ಟಿಯಲ್ಲಿದೆ."

"ಹಾಗಾದರೆ ಮೊದಲು ನನ್ನ ಕಂಪ್ಯೂಟರಿಗೆ ಹಾಕು."

ಅವಳಿಗೆ ಹಿಗ್ಗೋ ಹಿಗ್ಗು. ಗುರುಗಳದೇ ಮೊದಲು! ಹಳೆಯದನ್ನು ಅಳಿಸಿದಳು, ಹೊಸದನ್ನು ಹಾಕಿದಳು, ಮತ್ತೆ ಚಾಲೂ ಮಾಡಿದಳು.

ಪರದೆ ಬೆಳಗಿತು. ದನಿ ಬರಲಿಲ್ಲ.

ಪರದೆಯ ಮೇಲಿನ ಅಕ್ಷರಗಳನ್ನು ಗುರುಗಳಿಗೆ ಓದಿ ಹೇಳುತ್ತಿದ್ದ ದನಿ ಅದು. ಅದೂ ಹಳೆಯ ಪ್ಯಾಕೇಜನ್ನೇ ನಂಬಿಕೊಂಡಿತ್ತು. ಪಟ್ಟಿಯಲ್ಲಿ ಬರೆಯಲು ಯಾರೋ ಮರೆತಿದ್ದರು.

ಮೇದಿನಿಗೆ ಆಗ ನೆನಪಾಯಿತು: ಒಂಬತ್ತು ಸಾವಿರದಲ್ಲಿ ಅಂಧ ಮಕ್ಕಳ ಶಾಲೆಗಳವೂ ಇದ್ದವು. ಅಲ್ಲಿ ಮರುದಿನವೇ ಪರೀಕ್ಷೆ.

"ತಪ್ಪಾಯಿತು ಗುರುಗಳೇ."

ಗುರುಗಳು ತೊಡೆ ತಟ್ಟಿ ನಕ್ಕರು. "ನೂರ ಹದಿಮೂರನೆಯದು ಸಿಕ್ಕಿತಲ್ಲೇ! ಇನ್ನೂ ಎಷ್ಟಿವೆಯೋ, ಹುಡುಕು ಹುಡುಕು!"

ಆ ನಗು ಅವಳಿಗೂ ಅಂಟಿತು. ಮೊದಲು ಹಳೆಯದನ್ನು ವಾಪಸು ಹಾಕಿ ದನಿ ಬರಿಸಿದಳು. ಆಮೇಲೆ ಕೂತು ಹೊಸ ಯೋಜನೆ ಬರೆದಳು. ಎಲ್ಲರೂ ಹೊಸದಕ್ಕೆ ದಾಟುವವರೆಗೆ ಹಳೆಯದೂ ಅಕ್ಕಪಕ್ಕ ಇರಲಿ. ಒಂದೊಂದು ಕಡೆ ಹಳೆಯದನ್ನು ಆರಿಸಿ ನೋಡುವುದು, ಏನಾದರೂ ನಿಂತರೆ ಕೂಡಲೇ ಮತ್ತೆ ಚಾಲೂ ಮಾಡುವುದು. ಮೊದಲು ಆಶ್ರಮದ ಹತ್ತು ಕಂಪ್ಯೂಟರು. ವಾರ ಕಾಯುವುದು. ಪರೀಕ್ಷೆ ಮುಗಿದ ಮೇಲೆ ಒಂದು ಶಾಲೆ. ಮತ್ತೆ ಕಾಯುವುದು. ಆಮೇಲೊಂದು ತಾಲ್ಲೂಕು.

ಆ ಮೊದಲ ಶಾಲೆಯಲ್ಲಿ ಪ್ರಿಂಟರು ನಿಂತಿತು. ಮೇದಿನಿ ಹೊಳೆಯ ಮೆಟ್ಟಿಲವರೆಗೂ ಓಡಿದಳು. "ನೂರ ಹದಿನಾಲ್ಕು!"

ಸೊಂಟದುದ್ದ ನೀರಿನಲ್ಲಿ ನಿಂತಿದ್ದ ಗುರುಗಳು ಎರಡೂ ಕೈ ಎತ್ತಿದರು. "ಭಲೇ!"

ತಾಲ್ಲೂಕಿನಲ್ಲಿ ಇನ್ನೆರಡು ಸಿಕ್ಕವು. ಅಲ್ಲಿಂದಾಚೆ ಒಂದೂ ಸಿಗಲಿಲ್ಲ.

ನಾಲ್ಕನೆಯ ತಿಂಗಳು ಕೊನೆಯ ಶಾಲೆಯೂ ದಾಟಿತು. ಹಳೆಯ ಪ್ಯಾಕೇಜನ್ನು ತೆಗೆದರು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು, ಯಾವ ಶಾಲೆಯಿಂದಲೂ ದೂರು ಬರಲಿಲ್ಲ. ಮೇದಿನಿ ಅಂಗಳದಲ್ಲೇ ಕುಣಿದುಬಿಟ್ಟಳು. ದಣಿದು ಬಂದು ಗುರುಗಳ ಪಕ್ಕ ಕೂತಳು.

"ದನಿ ನಿಂತುಹೋಗುತ್ತದೆ ಅಂತ ಗೊತ್ತಿದ್ದೇ ಅವತ್ತು ನಿಮ್ಮದನ್ನು ಕೊಟ್ಟಿರಾ, ಗುರುಗಳೇ?"

"ಇಲ್ಲ ಮಗಳೇ, ಗೊತ್ತಿರಲಿಲ್ಲ. ಅದಕ್ಕೇ ಕೊಟ್ಟೆ."